ಹುಡುಕಿಕೊಳ್ಳಿ ಅಂದ ದಿನ

ಆ ಅಗ್ಗದ ಬಟ್ಟೆ ಅಂಗಡಿಯಲ್ಲಿ ಹದಿನೇಳು ವರ್ಷ ದುಡಿದ ಅವಳನ್ನು ಎಲ್ಲರೂ ಇಸ್ತ್ರಿ ಅಕ್ಕ ಅಂತಲೇ ಕರೆಯುತ್ತಿದ್ದರು. ಬರಿಗೈಯಲ್ಲಿ ಅವಳು ಮಡಿಚಿಟ್ಟ ಅಂಗಿ ಇಸ್ತ್ರಿ ಹಾಕಿದ ಹಾಗೇ ಕಾಣುತ್ತಿತ್ತು. ಬಂದವರ ಹೆಗಲು ನೋಡಿಯೇ ಅಳತೆ ಹೇಳುತ್ತಿದ್ದಳು. "ಇದು ಬೇಡಮ್ಮ, ಎರಡೇ ಒಗೆತಕ್ಕೆ ಬಣ್ಣ ಬಿಡುತ್ತೆ" ಅಂತ ಮೆಲ್ಲಗೆ ಹೇಳಿ ಬೇರೆ ತೆಗೆದುಕೊಡುತ್ತಿದ್ದಳು.

ಆಗ ಕೆಳಮಹಡಿಯ ಕೆಲಸಕ್ಕೆ ಒಂಬತ್ತು ಜನ. ಹೊಸ ಮ್ಯಾನೇಜರ್ ಬಂದಮೇಲೆ ಮೂವರು. "ಮಡಿಚ್ತಾ ಕೂರಬೇಡಿ, ಸುರಿದುಬಿಡಿ. ಬೇಕಾದವರು ಹೆಕ್ಕಿಕೊಳ್ತಾರೆ" ಅಂದ. ಬಟ್ಟೆ ರಾಶಿ ಮೇಜಿನಿಂದ ನೆಲಕ್ಕಿಳಿಯಿತು. ಓಡಾಡುವ ದಾರಿಯಲ್ಲೆಲ್ಲ ಹ್ಯಾಂಗರು, ಪ್ಲಾಸ್ಟಿಕ್ ಕವರು.

"ಯಾರಾದ್ರೂ ಬೀಳ್ತಾರೆ ಸರ್" ಅಂತ ಅಕ್ಕ ಎರಡು ಸಲ ಹೇಳಿದಳು.

"ಬಿದ್ದಾಗ ನೋಡೋಣ" ಅಂದ ಅವನು.

ಆ ಶನಿವಾರ ರಿಯಾಯಿತಿ ಮಾರಾಟ. ಬೆಳಗಿನಿಂದ ಅಕ್ಕ ಒಂದು ಲೋಟ ನೀರೂ ಕುಡಿದಿರಲಿಲ್ಲ. ಬೆನ್ನ ಹಿಂದೆ ಒಬ್ಬ ಚಿಟಿಕೆ ಹೊಡೆದು ಕರೆಯುತ್ತಿದ್ದ, ಇನ್ನೊಬ್ಬಳು ಹರಿದ ಪ್ಯಾಂಟು ಹಿಡಿದು ಜಗಳಕ್ಕೆ ನಿಂತಿದ್ದಳು. ಆಗ ಒಬ್ಬ ಅಜ್ಜಿ ಬಂದು, "ಮಗಾ, ಮೊಮ್ಮಗಳಿಗೆ ಒಂದು ಫ್ರಾಕು ತೋರಿಸ್ತೀಯಾ?" ಅಂದಳು.

"ಅಲ್ಲೇ ಬಿದ್ದಿದೆ, ಹುಡುಕಿಕೊಳ್ಳಿ." ಅಕ್ಕ ತಿರುಗಿಯೂ ನೋಡಲಿಲ್ಲ.

ಎರಡು ನಿಮಿಷವಾಗಿರಬಹುದು, ಧೊಪ್ಪೆಂದು ಸದ್ದು. ರಾಶಿಗೆ ಬಗ್ಗಿದ್ದ ಅಜ್ಜಿ ಕವರಿನ ಮೇಲೆ ಕಾಲಿಟ್ಟು ಜಾರಿದ್ದಳು. ಮಣಿಕಟ್ಟು ಸೊಟ್ಟಗಾಗಿತ್ತು. ಚೀಲ ಹಿಡಿದ ಗಿರಾಕಿಯೊಬ್ಬ ಅಜ್ಜಿಯ ಕಾಲು ದಾಟಿಕೊಂಡೇ ಹೋದ. ಅಕ್ಕ ಓಡಿಬಂದು, ರಟ್ಟಿನ ಪೆಟ್ಟಿಗೆ ಹರಿದು ಕೈಗೆ ಆಸರೆ ಕೊಟ್ಟು ಟವೆಲ್ಲಿನಲ್ಲಿ ಕಟ್ಟಿದಳು. ನೋವು ನುಂಗಿಕೊಂಡು ಅಜ್ಜಿ, "ನಾನೇ ಬಗ್ಗಬಾರದಿತ್ತು ಮಗಾ" ಅಂದಳು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅಕ್ಕನಿಗೆ.

ಸೋಮವಾರ ಅಜ್ಜಿಯ ಮಗಳು ದೂರು ಹಿಡಿದು ಬಂದಳು. ಅವಳನ್ನು ಹೊರಗೆ ಕೂರಿಸಿ, ಮ್ಯಾನೇಜರ್ ಅಕ್ಕನನ್ನು ಒಳಗೆ ಕರೆದ. ಮೇಜಿನ ಮೇಲೆ ಟೈಪ್ ಮಾಡಿದ ಹಾಳೆ. 'ದಾರಿ ಖಾಲಿ ಇತ್ತು. ಆಕೆ ಫೋನಿನಲ್ಲಿ ಮಾತಾಡುತ್ತಾ ಅವಸರದಲ್ಲಿ ಜಾರಿದರು.'

"ಹತ್ತಿರ ಇದ್ದವರು ನೀವೇ. ಸಹಿ ಹಾಕಿ."

"ಅವರ ಕೈಯಲ್ಲಿ ಫೋನ್ ಇರಲಿಲ್ಲ ಸರ್."

"ಇತ್ತು ಅಂದ್ಕೊಳ್ಳಿ."

"ದಾರಿನೂ ಖಾಲಿ ಇರಲಿಲ್ಲ."

ಅವನು ದನಿ ತಗ್ಗಿಸಿದ. "ಅಜ್ಜಿ ಕೇಳಿದಾಗ ನೀವು ಮುಖ ಎತ್ತಿ ನೋಡಲಿಲ್ಲ. ಕ್ಯಾಮೆರಾದಲ್ಲಿ ಚೆನ್ನಾಗಿ ಬಂದಿದೆ. ಮಾಲೀಕರಿಗೆ ಅಷ್ಟನ್ನೇ ತೋರಿಸ್ಲಾ?"

ಅಕ್ಕ ಪೆನ್ನು ಕೈಗೆತ್ತಿಕೊಂಡಳು. ಗಂಡ ಬೆನ್ನುನೋವಿನಿಂದ ಮಲಗಿ ಎರಡು ವರ್ಷ. ಮನೆಯ ಒಲೆ ಉರಿಯುತ್ತಿದ್ದದ್ದೇ ಅವಳ ದುಡಿಮೆಯಿಂದ. ಮ್ಯಾನೇಜರ್ ಗಡಿಯಾರ ನೋಡಿಕೊಂಡ.

ಅವಳು ಹಾಳೆ ಮಗುಚಿ ಹಿಂಬದಿಯಲ್ಲಿ ಬರೆಯತೊಡಗಿದಳು. 'ಫ್ರಾಕು ಕೇಳಿದಾಗ ಹುಡುಕಿಕೊಳ್ಳಿ ಅಂದೆ. ತಿರುಗಿ ನೋಡಲಿಲ್ಲ. ದಾರಿಯಲ್ಲಿ ಬಟ್ಟೆ, ಹ್ಯಾಂಗರು, ಕವರು ಬಿದ್ದಿದ್ದವು. ಯಾರಾದರೂ ಬೀಳುತ್ತಾರೆ ಅಂತ ಎರಡು ಸಲ ಹೇಳಿದ್ದೆ.' ಸಹಿ ಹಾಕಿ ಎದ್ದಳು.

"ಅದನ್ನ ಹಿಡ್ಕೊಂಡು ಬಾಗಿಲು ದಾಟಿದ್ರೆ ನಾಳೆಯಿಂದ ಬರಬೇಡಿ."

ಅಕ್ಕ ದಾಟಿದಳು. ಹಾಳೆಯನ್ನು ಅಜ್ಜಿಯ ಮಗಳ ಕೈಗಿಟ್ಟು, ಮನೆಯ ದಾರಿ ಹಿಡಿದಳು.

ಹನ್ನೊಂದು ದಿನ ಅಂಗಡಿಯಿಂದ ಸುದ್ದಿಯಿಲ್ಲ. ಹನ್ನೆರಡನೆಯ ದಿನ ಮಾಲೀಕರೇ ಫೋನ್ ಮಾಡಿದರು. ನೀವು ಬರೆದದ್ದನ್ನು ಅಜ್ಜಿಯ ಮಗಳು ತೋರಿಸಿದರು, ಆಸ್ಪತ್ರೆಯ ಖರ್ಚು ಕೊಟ್ಟಿದ್ದೇವೆ, ಕೆಲಸಕ್ಕೆ ಬನ್ನಿ, ಆದರೆ ಗಿರಾಕಿಗಳ ಮುಂದೆ ಬೇಡ, ಮೇಲಿನ ಗೋದಾಮಿನಲ್ಲಿರಿ ಅಂದರು. ಮ್ಯಾನೇಜರ್ ಇನ್ನೂ ಅಲ್ಲೇ ಇದ್ದ. ಆದರೆ ಕೆಳಗೆ ಇಬ್ಬರು ಹೊಸಬರು ಸೇರಿದ್ದರು, ನೆಲ ಕಾಣುತ್ತಿತ್ತು.

ವಾರದ ರಜೆಗೆ ಅಕ್ಕ ಅಜ್ಜಿಯ ಮನೆಗೆ ಹೋದಳು. ಅಜ್ಜಿ ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದಳು.

"ಅವತ್ತು ನಾನು ತಿರುಗಿ ನೋಡಬೇಕಿತ್ತಮ್ಮ" ಅಂದಳು ಅಕ್ಕ, ಬಾಗಿಲಲ್ಲೇ ನಿಂತು.



"ಹೌದು, ನೋಡಬೇಕಿತ್ತು" ಅಂದ ಅಜ್ಜಿ, ಪಕ್ಕದ ಸ್ಟೂಲನ್ನು ಕಾಲಿನಿಂದ ಅವಳತ್ತ ಸರಿಸಿದಳು.