ಅತ್ತೆಯ ಕೌದಿಯೊಳಗೆ ಹಾಕಿದ್ದು

ನಮ್ಮತ್ತೆಗೆ ಚಳಿ ಅನ್ನೋದು ಒಂದು ಉದ್ಯೋಗ. ಡಿಸೆಂಬರಿನಲ್ಲಿ ಕಾಫಿ ಹಣ್ಣು ಕೀಳುವ ಹೊತ್ತಿಗೆ ಶುರುವಾದರೆ, ಯುಗಾದಿ ಕಳೆದು ನಾವೆಲ್ಲ ಬೀಸಣಿಗೆ ಹುಡುಕುವಾಗಲೂ ಮುಗಿಯುತ್ತಿರಲಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಯಸಳೂರು ಕಡೆಯ ಆ ಮನೆಗೆ ಸೊಸೆಯಾಗಿ ಬಂದೆ. ಬಂದ ವರ್ಷವೇ, "ನಿಂಗೆ ಹೊಲಿಗೆ ಬತ್ತೈತಂತಲ್ಲ, ಒಂದು ಕೌದಿ ಹೊಲಿ ನೋಡಾನ" ಅಂದರು. ಅದು ಕೋರಿಕೆಯಲ್ಲ, ಪರೀಕ್ಷೆ. ಪಾಸಾಗಲೇಬೇಕು ಅಂತ ನನಗೂ ಹಟ ಬಂತು.

ಮೊದಲು ಅಂಗಡಿ ಹತ್ತಿ. ಹತ್ತಿ ಎಕ್ಕುವವನೊಬ್ಬ ಸೈಕಲ್ಲಿಗೆ ಬಿಲ್ಲು ಕಟ್ಟಿಕೊಂಡು ಬಾಳ್ಳುಪೇಟೆಯಿಂದ ಬರುತ್ತಿದ್ದ. ಕೂತು ಬಿಲ್ಲು ಮೀಟಿ ಟಂಯ್ ಟಂಯ್ ಅಂತ ಹತ್ತಿ ಹಾರಿಸಿದ. ಕಾಫಿ ಒಣಗಿಸುವ ಕಣವೆಲ್ಲ ಬೆಳ್ಳಗಾಯಿತು. ಹೊಲಿದು ಕೊಟ್ಟೆ. ವಾರ ಹೊದ್ದು ಅತ್ತೆ ತೀರ್ಪು ಕೊಟ್ಟರು: "ಹತ್ತಿಯೆಲ್ಲ ಕಾಲ್ತಾವ ಹೋಗ್ಬುಡ್ತು ಕಣೆ. ಕಾಲಿಗೇನ್ ಚಳಿ ಇಲ್ಲ ನಂಗೆ." ಟಾಕು ದೂರ ದೂರ ಹಾಕಿದ್ದು ನನ್ನದೇ ತಪ್ಪು. ಬಾಯಿಬಿಟ್ಟು ಒಪ್ಪಲಿಲ್ಲ.

ಮಾರನೇ ವರ್ಷ ಬೂರುಗದ ಹತ್ತಿ. ತೋಟದ ಅಂಚಿನ ಮರದ ಕಾಯಿ ಬಿಡಿಸಿ, ಬೀಜ ಆರಿಸಿ, ಮೂಗಿನ ತುಂಬ ಎಳೆ ತುಂಬಿಕೊಂಡು ವಾರಗಟ್ಟಲೆ ಸೀನಿದೆ. ಈ ಸಲ ನಾಲ್ಕು ಬೆರಳಿಗೊಂದು ಸಾಲು ಟಾಕು.

"ಗಾಳಿ ಹೊದ್ದಂಗೈತೆ," ಅಂದರು. "ಮೈಮ್ಯಾಲೆ ಐತೋ ಇಲ್ವೋ ಅಂತ ಮುಟ್ಟಿ ನೋಡ್ಬೇಕು."

ಮೈ ಉರಿದುಹೋಯಿತು. ಆದರೆ ಆ ಮಾತಲ್ಲೇ ಗುಟ್ಟಿತ್ತು: ಅವರಿಗೆ ಬೇಕಿದ್ದದ್ದು ಭಾರ. ಭಾರ ಅಂದರೆ ಹಳೇ ನೂಲಿನ ಸೀರೆ, ಒಗೆದು ಒಗೆದು ಮೆತ್ತಗಾದದ್ದು. ನಮ್ಮನೆಯಲ್ಲಿ ಅಂಥದ್ದೊಂದೂ ಉಳಿಯುತ್ತಿರಲಿಲ್ಲ. ಮೆಣಸಿನ ಬಳ್ಳಿ ಕಟ್ಟಲು ಸೀಳಿ ಒಯ್ಯುತ್ತಿದ್ದರು; ಅತ್ತೆಯ ಸೀರೆಗಳೆಲ್ಲ ಬಳ್ಳಿ ಹಬ್ಬಿಸಿದ ಸಿಲ್ವರ್ ಮರಗಳ ಮೈಮೇಲಿದ್ದವು.

ನನ್ನ ಟ್ರಂಕಿನಲ್ಲಿ ಆರು ಸೀರೆ ಇದ್ದವು. ನಮ್ಮವ್ವನವು. ಅವ್ವ ನನ್ನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದಳು. ಅವಳದು ಅಂತ ಉಳಿದಿದ್ದು ಅಷ್ಟೇ. ನಾನು ಹೊಸದಾಗಿ ಬಂದಾಗ ಅತ್ತೆಯೂ ಅವನ್ನು ಒಂದೊಂದಾಗಿ ಬಿಡಿಸಿ ನೋಡಿದ್ದರು. ಈಗ ಯಾರಿಗೂ ಹೇಳದೆ, ಕತ್ತರಿ ತಾಗಿಸದೆ, ಆರನ್ನೂ ಮಡಿಸಿ ಒಂದರ ಮೇಲೊಂದು ಹಾಸಿ, ಹೊರಗೆ ಹೊಸ ಬಟ್ಟೆ ಮುಚ್ಚಿ ಹೊಲಿದುಬಿಟ್ಟೆ. ಪ್ರೀತಿಯಿಂದೇನಲ್ಲ. ಆ ಹೆಂಗಸಿನ ಎದುರು ಮೂರನೇ ಸಲ ಸೋಲೋಕೆ ನನಗಿಷ್ಟವಿರಲಿಲ್ಲ.

ಅತ್ತೆ ಹೊದ್ದರು. ಬೆಳಿಗ್ಗೆ ಎದ್ದು ಕಾಫಿ ಕುಡಿದರು. ಏನೂ ಅನ್ನಲಿಲ್ಲ. ನಮ್ಮತ್ತೆ ಏನೂ ಅನ್ನದಿದ್ದರೆ ಅದು ಫಸ್ಟ್ ಕ್ಲಾಸು.

ಹತ್ತು ವರ್ಷ ಅದೇ ಕೌದಿ. ಆಮೇಲೆ ಅತ್ತೆ ಹಾಸಿಗೆ ಹಿಡಿದರು. ಆಗ ನನಗೆ ನಾನು ಮಾಡಿಕೊಂಡ ಎಡವಟ್ಟು ತಿಳಿಯಿತು. ನಮ್ಮಲ್ಲಿ ಸತ್ತವರು ಹೊದ್ದಿದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಅವರ ಹಿಂದೆಯೇ ಒಯ್ದು ಸುಟ್ಟುಬಿಡುತ್ತಾರೆ. ಅವ್ವನ ಆರೂ ಸೀರೆ ಹೋಗುತ್ತವೆ. ಹಾಗಂತ ಸಾಯುತ್ತಿರುವವರ ಮೈಮೇಲಿಂದ ಹೊದಿಕೆ ಎಳೆಯೋದುಂಟೇ? ಥೂ, ಅಂಥ ಯೋಚನೆ ಬಂತಲ್ಲ ಅಂತಲೇ ನನಗೆ ಅಸಹ್ಯವಾಯಿತು. ಆದರೂ ದಿನಾ ಗಂಜಿ ಕುಡಿಸುವಾಗ ಕಣ್ಣು ಕೌದಿಯ ಮೇಲೇ.

ಒಂದು ಮಧ್ಯಾಹ್ನ ಅತ್ತೆ, "ಇದ್ನ ತೆಗಿಯೇ, ಭಾರ ಆಯ್ತೈತೆ. ಆ ಬೂರುಗದ್ದು ಹೊದ್ಸು," ಅಂದರು.

"ಅದು ಗಾಳಿ ಹೊದ್ದಂಗೆ ಅಂತಿದ್ರಲ್ಲ?"

"ಹೊದ್ಸು ಅಂದ್ರೆ ಹೊದ್ಸು ಮಾರಾಯ್ತಿ. ಇದ್ನ ಒಗ್ದು ನಿನ್ ಟ್ರಂಕಿಗಿಡು."

ಟ್ರಂಕಿಗೆ ಯಾಕೆ ಅಂತ ಹೊಳೆಯಲಿಲ್ಲ. ಒಗೆದು ಬಿಸಿಲಿಗೆ ಹರವುವಾಗ ನೋಡಿದೆ: ತಲೆಯ ಕಡೆಯ ಮೂಲೆಯಲ್ಲಿ ಯಾರೋ ಗೇಣಗಲ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದರು. ನನ್ನ ಕೈಯಲ್ಲ, ಅತ್ತೆಯ ದಪ್ಪ ಟಾಕು, ಕಪ್ಪು ದಾರ. ಆ ದಾರವೂ ಮಾಸಿ ಕಂದಿತ್ತು. ಅತ್ತೆ ಬಿಚ್ಚಿ ಒಳಗೇನಿದೆ ಅಂತ ನೋಡಿ ವರ್ಷಗಳೇ ಆಗಿದ್ದವು. ಕಣದಲ್ಲೇ ಕೂತು ಅತ್ತುಬಿಟ್ಟೆ.

ಅವರು ಆಮೇಲೆ ಒಂಬತ್ತು ದಿನ ಇದ್ದರು. ಒಂಬತ್ತು ದಿನವೂ ಬೂರುಗದ ಹತ್ತಿಯ ಕೆಳಗೆ ನಡುಗಿದರು. ತಡೆಯಲಾರದೆ ನಾನು ಕೌದಿ ತಂದಾಗಲೆಲ್ಲ ಕೈಯಲ್ಲಿ ತಳ್ಳಿದರು. "ಚಳಿ ಕಣೆ, ಒಂದು ಸರಿಯಾಗಿ ಹೊಲಿಯಕ್ ಬರಕಿಲ್ಲ ನಿಂಗೆ," ಅಂತ ಕೊನೇವರೆಗೂ ಬೈದರು.