ಪೆಡಲಿಗೆ ಹಚ್ಚಿದ ಎಣ್ಣೆ

ಮಳೆಗಾಲ ಹತ್ತಿರ ಬಂತೆಂದರೆ ಕಬ್ಬಿಣದ ಸಾಮಾನಿಗೆಲ್ಲ ಎಣ್ಣೆ ಹಚ್ಚುವುದು ನಮ್ಮ ತವರಿನಲ್ಲಿ ಹೆಂಗಸರ ಕೆಲಸ. ಕುಂಟೆ, ಕೂರಿಗೆ, ಕುಡಗೋಲು, ಯಾವುದನ್ನೂ ಬಿಡುವಂತಿಲ್ಲ. ಬೆರಳಗಲ ಜಾಗ ಒಣಗಿದ್ದರೂ ಅವ್ವ ಬೈಯುತ್ತಿದ್ದಳು. ಬೀದರ ಕಡೆಯಿಂದ ಮದುವೆಯಾಗಿ ಹೈದರಾಬಾದಿಗೆ ಬರುವಾಗ ಆ ಚಟವನ್ನೂ ಕಟ್ಟಿಕೊಂಡೇ ಬಂದೆ.

ಗಂಡನ ಹತ್ತಿರ ಹಳೆಯ ಟ್ರ್ಯಾಕ್ಟರ್ ಇತ್ತು. ಮಾದಾಪುರದ ಸುತ್ತ ಕಂಪ್ಯೂಟರ್ ಕಂಪನಿಗಳ ಕಟ್ಟಡಗಳು ಏಳುತ್ತಿದ್ದ ಕಾಲ. ಉಳುವ ಹೊಲಗಳೇ ಉಳಿಯದೆ, ಅವರು ನೇಗಿಲು ಕಳಚಿಟ್ಟು, ಟ್ಯಾಂಕರ್ ಕಟ್ಟಿಕೊಂಡು ಅಲ್ಲಿಗೆ ನೀರು ಸಾಗಿಸುತ್ತಿದ್ದರು. ದಿನವೂ ನೀರು ಬಿದ್ದು ಟ್ರ್ಯಾಕ್ಟರಿಗೆ ತುಕ್ಕು ಹತ್ತಿತ್ತು. ನನ್ನ ಕೈ ಸುಮ್ಮನಿರಬೇಕಲ್ಲ! ಒಂದು ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ, ಎಂಜಿನ್ನಿನಿಂದ ತೆಗೆದಿಟ್ಟ ಕಪ್ಪೆಣ್ಣೆಯ ಡಬ್ಬಿ ಹಿಡಿದು ಕೂತೆ. ನೇಗಿಲಿಗೆ ಹಚ್ಚಿದೆ, ಕೊಂಡಿಗೆ ಹಚ್ಚಿದೆ, ಮೇಲೆ ಹತ್ತಿ ಪೆಡಲುಗಳಿಗೂ ತಿಕ್ಕಿದೆ. ಭಾರಿ ಶಾಣ್ಯಾಕಿ ನಾನು. ಅವರು ಅವಸರದಲ್ಲಿ ಬಂದು, ಹಿಂದಿನ ಸಂಜೆಯೇ ತುಂಬಿಸಿಟ್ಟಿದ್ದ ಟ್ಯಾಂಕರ್ ಎಳೆದುಕೊಂಡು ಹೊರಟುಹೋದರು. ಒಂದು ಒಳ್ಳೆಯ ಮಾತೂ ಆಡಲಿಲ್ಲವಲ್ಲ ಎಂದು ನನಗೆ ಸಿಟ್ಟು ಬಂತು.

ಆಮೇಲೆ ಅಂಗಳ ತೊಳೆಯಲು ಹೋದೆ. ಎಣ್ಣೆ ಚೆಲ್ಲಿದ ಫರಸಿಕಲ್ಲಿನ ಮೇಲೆ ಕಾಲಿಟ್ಟದ್ದೇ ತಡ, ಸರ್ರನೆ ಜಾರಿ ಬಿದ್ದೆ. ನಡು ನೋಯುವುದಕ್ಕೂ ಮೊದಲು ಬ್ರೇಕಿನ ಪೆಡಲು ನೆನಪಾಯಿತು. ಅವರ ಕಾಲಲ್ಲಿ ಸವೆದ ಚಪ್ಪಲಿ, ಹಿಂದೆ ತುಂಬಿದ ಟ್ಯಾಂಕರ್, ಮುಂದೆ ಅವರು ನೀರು ಹಾಕುವ ಕಟ್ಟಡದ ಕಡೆಗಿನ ಇಳಿಜಾರು.

ಆಟೋ ಹಿಡಿದೆ. ಏನಾಯಿತೆಂದು ಆಟೋದವನು ಹಿಂದಿಯಲ್ಲಿ ಕೇಳಿದರೆ ನನಗೆ ಯಾವ ಭಾಷೆಯೂ ಬಾಯಿಗೆ ಬರಲಿಲ್ಲ, ಬರೀ ಕೈಮಾಡಿ ತೋರಿಸಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವರನ್ನು ಹತ್ತು ಸಲ ಸಾಯಿಸಿದೆ. ನನ್ನ ಕೈಯಾರೆ ಕೊಂದೆನಲ್ಲಪ್ಪಾ ಎಂದು ಸೆರಗು ಕಚ್ಚಿಕೊಂಡು ಕೂತಿದ್ದೆ.

ಇಳಿಜಾರಿನ ಕೆಳಗೆ ಜನ ಸೇರಿದ್ದರು. ಟ್ರ್ಯಾಕ್ಟರಿನ ಮೂತಿ ಉಸುಕಿನ ಗುಡ್ಡೆಯಲ್ಲಿ ಹೂತಿತ್ತು. ಅವರು ಪಕ್ಕದಲ್ಲಿ ಕೂತು ಬಲಗಾಲನ್ನೇ ನೋಡುತ್ತಿದ್ದರು. ಜೀವ ಇತ್ತು. ನಾನು ಅಳುತ್ತ ಅವರ ಹತ್ತಿರ ಕುಸಿದೆ.

“ಪೆಡಲಿಗೆ ಎಣ್ಣಿ ನಾನ ಹಚ್ಚೀನ್ರಿ,” ಎಂದು ಅವರ ಕಿವಿಯಲ್ಲಿ ಹೇಳಿದೆ.

“ಗೊತ್ತೈತಿ. ಇಲ್ಲಿ ಬಾಯಿ ಬಿಡಬ್ಯಾಡ,” ಎಂದರು.

ಯಾಕೆ ಹಾಗಂದರೆಂದು ಆಗಲೇ ತಿಳಿಯಿತು. ಉಸುಕಿನ ಗುಡ್ಡೆಯ ಆಚೆ, ನಾಲ್ಕೇ ಹೆಜ್ಜೆಯಲ್ಲಿ, ಎರಡು ಬಿದಿರು ಗಳಗಳಿಗೆ ಸೀರೆಯ ಜೋಲಿ ಕಟ್ಟಿತ್ತು. ಅದರೊಳಗಿನ ಕೂಸನ್ನು ಎತ್ತಿಕೊಂಡು ಕಲಬುರ್ಗಿ ಕಡೆಯ ಕೂಲಿ ಹೆಂಗಸೊಬ್ಬಳು ನನ್ನ ಹತ್ತಿರ ಬಂದಳು. ನನ್ನ ಅಳು ನೋಡಲಾರದೆ ಬೆನ್ನು ಸವರಿದಳು.

“ಅಂಜಬ್ಯಾಡವ್ವಾ, ನಿನ್ನ ಗಂಡ ಉಳದಾನ. ಇದನ್ನ ಹಿಡಿ, ನೀರು ತರತೀನಿ.”

ಕೂಸನ್ನು ನನ್ನ ಮಡಿಲಿಗೆ ಹಾಕಿ ಹೋದಳು. ಅದು ಇನ್ನೂ ನಿದ್ದೆಯಲ್ಲೇ ಇತ್ತು. ಅವಳು ತಿರುಗಿ ಬರುವವರೆಗೆ ನಾನು ಅದರ ಮುಖ ನೋಡಲಿಲ್ಲ.