ನಾಲ್ಕು ಊರಿನ ಕರೆಂಟು

ಗಿರಣಿ ಬಸಕ್ಕನ ಹುಬ್ಬು ಯಾವಾಗಲೂ ಬೆಳ್ಳಗೇ. ವಯಸ್ಸಿಗಲ್ಲ, ಹಿಟ್ಟಿಗೆ. ಬಂದಳಿಕೆ ದಾರಿಯ ನಮ್ಮೂರಲ್ಲಿ ಹಿಟ್ಟಿನ ಗಿರಣಿ ಅಂದರೆ ಅವಳದೊಂದೇ. ತ್ರೀಫೇಸ್ ಕರೆಂಟು ಬಂದಾಗ ಬೀಸಬೇಕು, ಹೋದಾಗ ಕಟ್ಟೆ ಮೇಲೆ ಕೂರಬೇಕು. ಯಾರಾದರೂ ಗೊಣಗಿದರೆ, "ಕರೆಂಟು ನಿಮ್ಮೊಬ್ಬರದೇನ್ರಿ? ಅದಕ್ಕೂ ನಾಕೂರು ಅದಾವೆ, ಸುತ್ತಿ ಬರ್ತೈತೆ" ಅನ್ನುತ್ತಿದ್ದಳು, ಮಗಳ ಮನೆಗೆ ಹೋದವರ ಸುದ್ದಿ ಹೇಳಿದ ಹಾಗೆ.

ಒಂದು ಬೇಸಿಗೆಯಲ್ಲಿ ಗಿರಣಿ ಮಾಡಿನ ಮೇಲೆ ಸೋಲಾರ್ ಹಾಕಿಸಿದಳು. ನನ್ನ ಓದು ಅಷ್ಟಕ್ಕಷ್ಟೇ, ಅವಳೇ ತಿಳಿಸಿದಳು: "ಬಿಸಿಲಾಗೆ ಹೆಚ್ಚಾಗಿದ್ದು ಲೈನಿಗೆ ಕೊಡೋದು, ಕತ್ತಲಾದ್ಮೇಲೆ ಇಸ್ಕೊಳೋದು. ಪಕ್ಕದ ಮನೇರ ಹತ್ರ ಹೆಪ್ಪು ಕೊಟ್ಟು ಇಸ್ಕೊಂಡಂಗೆ ಕಣೇ." ಹಳೇ ಡೀಸೆಲ್ ಇಂಜಿನ್ನಿಗೆ ಗೋಣಿಚೀಲ ಹೊದಿಸಿ, "ಇನ್ನು ಕರೆಂಟಿಗೆ ಕಾಯಂಗಿಲ್ಲ, ಹೊಗೆ ಎಬ್ಬಿಸಂಗಿಲ್ಲ" ಅಂದಳು.

ಮರುದಿನ ಸಂಜೆಯೇ ನನ್ನ ಮೊಮ್ಮಗಳ ತೊಟ್ಟಿಲ ಶಾಸ್ತ್ರ. ಅಯ್ಯೋ, ಮಗಳು ಎಷ್ಟು ಕಾದು ಹೆತ್ತ ಕೂಸು! ನೆಂಟರು ಬಂದರು, ಬಂದರು, ಬರುತ್ತಲೇ ಇದ್ದರು. ರೊಟ್ಟಿಗೆ ಹಿಟ್ಟು ಸಾಲದೆ ಮಧ್ಯಾಹ್ನ ಅಕ್ಕಿ ಹೊತ್ತು ಓಡಿದರೆ, ಕರೆಂಟು ಹೋಗಿ ಗಿರಣಿ ನಿಂತಿದೆ. ತಲೆ ಸುಡುವ ಬಿಸಿಲು, ಮೋಟಾರು ಮಾತ್ರ ತಿರುಗದು.

"ಏನ್ ಬಸಕ್ಕ, ಸೂರ್ಯ ರಜೆ ಹಾಕ್ಯಾನಾ?" ಅಂದರು ಕಟ್ಟೆ ಮೇಲಿದ್ದವರು.

ಸೋಲಾರ್ ಹಾಕಿದವನಿಗೆ ಫೋನು ಮಾಡಿ ಅವಳ ಮುಖ ಸಣ್ಣದಾಯಿತು. ಲೈನು ಹೋದರೆ ಇದೂ ತಾನೇ ನಿಲ್ಲುತ್ತದಂತೆ. ಇಲ್ಲದಿದ್ದರೆ ಕಂಬದ ಮೇಲೆ ತಂತಿ ಕಟ್ಟುವವನಿಗೆ ಇದರ ಕರೆಂಟು ಹೊಡೆಯುತ್ತದಂತೆ. "ಹೌದಲ್ಲ, ಅವನ ಮನ್ಯಾಗೂ ಕೂಸು ಇರ್ತಾವೆ" ಅಂದಳು. ಆಮೇಲೆ ನನ್ನ ಮುಖ ನೋಡಿದಳು. ಗೋಣಿಚೀಲ ಎಳೆದು ಇಂಜಿನ್ ಶುರುಮಾಡಿದಳು. ಕಪ್ಪು ಹೊಗೆ ಗಿರಣಿ ತುಂಬಿತು. ನನ್ನ ಅಕ್ಕಿಯೊಂದನ್ನೇ ಬೀಸಿ ಇಂಜಿನ್ ನಿಲ್ಲಿಸಿಬಿಟ್ಟಳು.

"ನಮ್ದೂ ಹಾಕಕ್ಕ!"

"ಇದು ಕೂಸಿನ ಪಾಲು. ನೀವು ಕೂತ್ಕಳ್ರಿ."

ಹಿಟ್ಟು ಕೊಡುವಾಗ ನನಗಷ್ಟೇ ಕೇಳುವಂತೆ ಅಂದಳು: "ಎಷ್ಟು ಬಿಸಿಲಿದ್ರೇನು, ಲೈನು ಗಟ್ಟಿ ಇಲ್ಲ ಅಂದ್ರೆ ಮತ್ತೆ ಈ ಹೊಗೇನೇ ಗತಿ ನೋಡು. ಕುಡಿಯೋದ್ಯಾರು? ನಿನ್ ಮೊಮ್ಮಗಳೇ." ಆ ಮಾತು ನನ್ನ ಸಂತೋಷದ ನಡುವೆ ಇವತ್ತಿಗೂ ಕೂತಿದೆ. ಮುಂದಿನ ವಾರ ಅವಳು ಇಂಜಿನ್ನನ್ನೇ ಗುಜರಿಗೆ ಹಾಕಿದಳು.

ಬಸಕ್ಕ ತೀರಿಕೊಂಡ ಮೇಲೆ ಅವಳ ಸೊಸೆ ಗಿರಣಿ ನಡೆಸುತ್ತಾಳೆ. ಮೊನ್ನೆ ಗಾಳಿಗೆ ಲೈನು ಹೋಗಿ, ಎಲ್ಲರೂ ಗೊಣಗುತ್ತ ಕಟ್ಟೆ ಮೇಲೆ ಕೂತಿದ್ದೆವು. ಬಸಕ್ಕನ ಕಾಲ ಬುಡದಲ್ಲೇ ಮಾತು ಕಲಿತ ನನ್ನ ಬಂಗಾರದಂಥ ಮೊಮ್ಮಗಳು, ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡು, ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತಳು.

"ಸುಮ್ನಿರ್ರಿ! ಅದಕ್ಕೂ ನಾಕೂರು ಅದಾವೆ!"